ಕಾವು

ಜೀವಶಾಸ್ತ್ರ ಬೋಧಿಸುವವರಿಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದುಂಟು: ಮೊಟ್ಟೆಗೆ ಕಾವು ಕೊಡಬೇಕೆಂದು ಹಕ್ಕಿಗೆ ಕಲಿಸಿದವರಾರು? ತಾಯಿಯ ವಾತ್ಸಲ್ಯವೆಂದು ಉತ್ತರಿಸುವುದು ಸುಲಭ. ಆದರೆ ಕೆರೆಯ ತಾವರೆ ಎಲೆಗಳ ಮೇಲೆ ನಡೆದಾಡುವ ದೇವನಕ್ಕಿಯಲ್ಲಿ ಮೊಟ್ಟೆಯಿಡುವುದಷ್ಟೇ ಹೆಣ್ಣಿನ ಕೆಲಸ. ಕಾವು ಕೊಟ್ಟು ಮರಿಗಳನ್ನು ಸಲಹುವುದು ಗಂಡು. ಕೋಗಿಲೆಯೋ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿಟ್ಟು ಆ ಹೊಣೆಯನ್ನೇ ಕಳಚಿಕೊಂಡಿದೆ.

ಈ ಗುಣ ಬಹು ಪ್ರಾಚೀನವಾದುದು. 1923ರಲ್ಲಿ ಗೋಬಿ ಮರುಭೂಮಿಯಲ್ಲಿ ಮೊಟ್ಟೆಗಳ ಜೊತೆಗೆ ಡೈನೋಸಾರೊಂದರ ಅಸ್ಥಿ ದೊರೆಯಿತು. ಪರರ ಮೊಟ್ಟೆ ಕದಿಯಲು ಬಂದುದಿರಬೇಕೆಂದು ಊಹಿಸಿ, ಮರುವರ್ಷ ಅದಕ್ಕೆ ‘ಮೊಟ್ಟೆಗಳ್ಳ’ ಎಂಬ ಅರ್ಥದ ಓವಿರ್‍ಯಾಪ್ಟರ್ ಎಂಬ ಹೆಸರಿಟ್ಟರು. 1993ರಲ್ಲಿ ಅಂಥದೇ ಮೊಟ್ಟೆಯೊಳಗೆ ಅದೇ ಕುಟುಂಬದ ಭ್ರೂಣ ಸಿಕ್ಕಿತು. ಮೊಟ್ಟೆಗಳ ಸುತ್ತ ಮುಂಗಾಲುಗಳನ್ನು ಹರಡಿ ಕುಳಿತಂತೆಯೇ ಕಲ್ಲಾಗಿದ್ದ ಅದರ ಬಂಧುವೊಂದರ ವರ್ಣನೆ 1995ರಲ್ಲಿ ಪ್ರಕಟವಾಯಿತು. ಏಳು ದಶಕ ಕಳ್ಳನೆನಿಸಿದ್ದ ಜೀವಿ ತನ್ನ ಗೂಡನ್ನೇ ಕಾಯುತ್ತಿದ್ದಿರಬೇಕು!

ಕಾವಿನ ಪ್ರೇರಣೆಯಲ್ಲಿ ಪಿಟ್ಯೂಟರಿ ಗ್ರಂಥಿ ಸ್ರವಿಸುವ ಪ್ರೊಲ್ಯಾಕ್ಟಿನ್‌ಗೆ ಮುಖ್ಯ ಪಾತ್ರವಿದೆ. ಕಾವಿಗೆ ಕೂರುವ ಅನೇಕ ಹಕ್ಕಿಗಳಲ್ಲಿ ಹೊಟ್ಟೆಯ ಭಾಗದ ಗರಿ ಉದುರಿ, ಚರ್ಮಕ್ಕೆ ರಕ್ತ ಹೆಚ್ಚಾಗಿ ಹರಿದು, ದೇಹದ ಬಿಸಿ ನೇರವಾಗಿ ಮೊಟ್ಟೆಗೆ ತಾಗುತ್ತದೆ. ಸ್ತನಿಗಳಲ್ಲಿ ಹಾಲೂಡಿಸುವುದಕ್ಕೆ ಕಾರಣವಾದ ಹಾರ್ಮೋನೇ ಇಲ್ಲಿ ಕಾವಿಗೂ ಒದಗಿರುವುದು ಸೃಷ್ಟಿಯ ಮಿತವ್ಯಯಕ್ಕೆ ಸಾಕ್ಷಿ.

ನನ್ನ ಬಾಲ್ಯದಲ್ಲಿ ನೆರೆಮನೆಯ ಜವಾರಿ ಕೋಳಿ ಕಾವಿಗೆ ಕುಳಿತರೆ, ಬುಟ್ಟಿಯೊಳಗೆ ಹುಲ್ಲು ಹಾಸಿ ಮೊಟ್ಟೆಗಳನ್ನಿಟ್ಟು ಇಪ್ಪತ್ತೊಂದು ದಿನ ಎಣಿಸುತ್ತಿದ್ದರು. ಸಾಕುಕೋಳಿಗಳ ಪ್ರಧಾನ ಮೂಲವಾದ ಕೆಂಪು ಕಾಡುಕೋಳಿಯೂ ಹಾಗೆಯೇ ಕೂರುತ್ತದೆ. ಬಿಳಿ ಲೆಗ್‌ಹಾರ್ನ್ ಕೋಳಿ ಮಾತ್ರ ಕೂರುವುದು ವಿರಳ. ಕಾವಿಗೆ ಕುಳಿತ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ಆದ್ದರಿಂದ ಕೂರದವುಗಳನ್ನೇ ಮನುಷ್ಯನು ತಲೆಮಾರುಗಳುದ್ದಕ್ಕೂ ಆರಿಸುತ್ತ ಬಂದನು. ಆ ಗುಣ ವಂಶವಾಹಿಗಳಲ್ಲಿ ಹರಿದು ಬರುವುದರಿಂದಲೇ ಇದು ಸಾಧ್ಯವಾಯಿತು. ಕಾಡಿನಲ್ಲಾದರೋ ಆಯ್ಕೆಯ ದಿಕ್ಕು ಇದಕ್ಕೆ ವಿರುದ್ಧ: ಗೂಡು ತೊರೆದ ಕಾಡುಕೋಳಿಗೆ ಸಂತತಿಯಿಲ್ಲ, ಸಂತತಿಯಿಲ್ಲದೆ ಆ ಗುಣಕ್ಕೂ ಮುಂದುವರಿಕೆಯಿಲ್ಲ.

ಕೋಟ್ಯಂತರ ವರ್ಷಗಳಲ್ಲಿ ರೂಪುಗೊಂಡ ಗುಣವೊಂದು ನಮ್ಮ ಅನುಕೂಲಕ್ಕಾಗಿ ಅತ್ಯಲ್ಪ ಕಾಲದಲ್ಲಿ ಕ್ಷೀಣಿಸಿತು. ವಿದ್ಯುತ್ತಿನ ಕಾವುಪೆಟ್ಟಿಗೆಗಳನ್ನು ನಿಲ್ಲಿಸಿದರೆ ಆ ತಳಿಯ ಗತಿಯೇನು? ಮೊಟ್ಟೆಯ ಲೆಕ್ಕ ಹೇಳಿಕೊಡುವ ನಾವು, ಅದಕ್ಕೆ ತೆತ್ತ ಬೆಲೆಯ ಲೆಕ್ಕವನ್ನೂ ಮಕ್ಕಳ ಮುಂದಿಡುವುದು ವಿಹಿತವೆಂದು ನನ್ನ ನಂಬಿಕೆ.