ಹುಳುವಿನ ನೂಲು, ಮನುಷ್ಯನ ನೂಲು

ರೇಷ್ಮೆಯನ್ನು ಮಡಿಯೆಂದು ಒಪ್ಪುವ ಅಜ್ಜಿಯರು ನೈಲಾನನ್ನು ದೇವರ ಮನೆಯ ಬಳಿ ಸುಳಿಯಗೊಡುವುದಿಲ್ಲ. ರಸಾಯನಶಾಸ್ತ್ರವಾದರೋ ಇವೆರಡನ್ನೂ ದಾಯಾದಿಗಳೆಂದೇ ಬಗೆಯುತ್ತದೆ.

ಹಿಪ್ಪುನೇರಳೆ ಸೊಪ್ಪು ಮೇಯುವ ಹುಳು ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸಿ ಎಳೆ ತೆಗೆಯುತ್ತದೆ. ಒಂದೊಂದು ಕೊಂಡಿ ಕೂಡುವಾಗಲೂ ಒಂದೊಂದು ನೀರಿನ ಅಣು ಕಳಚಿಬೀಳುತ್ತದೆ. ಅದೇ ಅಮೈಡ್ ಕೊಂಡಿಯಿಂದ, ಆರಾರು ಇಂಗಾಲದ ಪರಮಾಣುಗಳುಳ್ಳ ಎರಡು ದ್ರವ್ಯಗಳನ್ನು ಬೆಸೆದು, ಅಮೆರಿಕದ ಡ್ಯೂಪಾಂಟ್ ಪ್ರಯೋಗಶಾಲೆಯಲ್ಲಿ ವಾಲೇಸ್ ಕರೋಥರ್ಸರ ತಂಡ 1935ರ ಫೆಬ್ರವರಿ 28ರಂದು ನೈಲಾನ್ 66 ಪಡೆಯಿತು. ಪಾಠಪುಸ್ತಕ ಇದನ್ನು ಸಂಘನನ ಪಾಲಿಮರ್ ಎನ್ನುತ್ತದೆ. ರೇಷ್ಮೆಯನ್ನು ನೈಸರ್ಗಿಕ ಪಾಲಿಮರ್ ಎನ್ನುತ್ತದೆ. ಉರಿಗೆ ಹಿಡಿದರೆ ಮಾತ್ರ ಭೇದ ಬಯಲಾಗುತ್ತದೆ: ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ, ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಇನ್ನೊಂದು ಸಾಮ್ಯ ಪುಸ್ತಕದಲ್ಲಿಲ್ಲ. ಎಳೆ ತುಂಡಾಗದಿರಲೆಂದು ಗೂಡನ್ನು ಹಬೆಗೊಡ್ಡುತ್ತಾರೆ. ಒಳಗಿನ ಜೀವ ತನ್ನ ನೂಲು ಸೀರೆಯಾಗುವುದನ್ನು ಕಾಣದು. ಮನೋವ್ಯಥೆಯಿಂದ ಬಳಲಿದ ಕರೋಥರ್ಸರು 1937ರ ಏಪ್ರಿಲಿನಲ್ಲಿ, 41ನೆಯ ವಯಸ್ಸಿನಲ್ಲಿ, ತಾವಾಗಿಯೇ ಪ್ರಾಣ ನೀಗಿದರು. ನೈಲಾನ್ ಕಾಲುಚೀಲಗಳಿಗಾಗಿ ಅಮೆರಿಕದ ಹೆಂಗಸರು ಅಂಗಡಿಗಳಿಗೆ ಮುಗಿಬಿದ್ದದ್ದು 1940ರ ಮೇ 15ರಂದು.

ಹೊರಬಿದ್ದ ನೀರಿನ ಲೆಕ್ಕವನ್ನು ಸಮೀಕರಣ ತಪ್ಪದೆ ಇಡುತ್ತದೆ. ಈ ಲೆಕ್ಕವನ್ನು ಪಾಠ ಹೇಳುವ ಮೇಷ್ಟರಾದರೂ ಇಡಬೇಕು.