ಬಂದೂಕಿಗೂ ಮದ್ದು, ದನಕ್ಕೂ ಮದ್ದು

‘ದನಕ್ಕೆ ಬಂದೂಕಾ?’

ಹಾಸನ ಜಿಲ್ಲೆಯ ಆಲೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಕೊಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದ ತಂದೆ, ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಕಿವಿಗೆ ಇಟ್ಟುಕೊಂಡರು. ಕೇಳಿಸಿದ್ದು ಸರಿಯೋ ತಪ್ಪೋ ಎಂಬ ಅನುಮಾನ. ಅತ್ತ ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿದ್ದ ಮಗ ನಕ್ಕ.

‘ಗುಂಡು ಹೊಡೆಯೋದಲ್ಲಪ್ಪ, ಸೂಜಿ ಹೊಡೆಯೋದು. ಆನೆಗೆ ಹೊಡೀತಾರಲ್ಲ, ಆ ಥರದ್ದು. ಆದ್ರೆ ಮತ್ತು ಬರ್ಸೋಕಲ್ಲ, ಔಷಧಿ ಕೊಡೋಕೆ.’

ಆನೆಗೆ ಹೊಡೆಯುವ ಬಂದೂಕು ಅವರಿಗೆ ಹೊಸದೇನಲ್ಲ. ಆಲೂರು, ಸಕಲೇಶಪುರದ ತೋಟಗಳಿಗೆ ನುಗ್ಗುವ ಆನೆಗಳನ್ನು ಹಿಡಿಯುವ ಸಂಭ್ರಮ, ಸಂಕಟ ಎರಡನ್ನೂ ಕಂಡವರು. ಅರಿವಳಿಕೆ ಮದ್ದು ಹೊಡೆಯುವುದರಲ್ಲಿ ಪಳಗಿದ್ದ ವ್ಯಕ್ತಿಯೊಬ್ಬರು 2023ರಲ್ಲಿ ಗಾಯಗೊಂಡ ಕಾಡಾನೆಗೆ ಚಿಕಿತ್ಸೆ ಕೊಡಲು ಹೋಗಿ ಅದೇ ಆನೆಗೆ ಸಿಕ್ಕು ಜೀವ ಬಿಟ್ಟದ್ದು ಅವರ ಊರಿನಿಂದ ಬಹಳ ದೂರದಲ್ಲೇನಲ್ಲ. ಹೀಗಾಗಿ ಮಗನ ಬಾಯಿಂದ ಆ ಮಾತು ಬಂದೊಡನೆ ಅವರಿಗೆ ಅಳುಕಾಯಿತು. ‘ಹುಷಾರು ಮಗಾ’ ಎಂದಷ್ಟೇ ಹೇಳಿ ಫೋನಿಟ್ಟರು.

ಹುಡುಗ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಪದವಿ ಪಡೆದು, ಹೆಚ್ಚಿನ ಓದಿಗೆಂದು ಲಿಂಕನ್ ನಗರದ ನೆಬ್ರಾಸ್ಕ ವಿಶ್ವವಿದ್ಯಾಲಯಕ್ಕೆ ಹೋದವನು. ಓದಿನ ಭಾಗವಾಗಿ ಒಂದು ಬೇಸಿಗೆಯನ್ನು ದನದ ಹುಲ್ಲುಗಾವಲಿನಲ್ಲಿ ಕಳೆಯಬೇಕಾಯಿತು. ಆ ರಾಜ್ಯದಲ್ಲಿ ಜನಕ್ಕಿಂತ ದನ ಹೆಚ್ಚು. ಜನಸಂಖ್ಯೆ 20 ಲಕ್ಷದಷ್ಟು. ದನಗಳು ಅದರ ಮೂರು ಪಟ್ಟು. ಅವನು ಹೋದದ್ದು ಸ್ಯಾಂಡ್‌ಹಿಲ್ಸ್ ಎಂಬ ಸೀಮೆಗೆ. ಹೆಸರೇ ಹೇಳುವಂತೆ ಮರಳು ದಿಬ್ಬಗಳ ನಾಡು, ಆದರೆ ಮರಳು ಕಾಣುವುದಿಲ್ಲ. ಸುಮಾರು 50 ಸಾವಿರ ಚದರ ಕಿಲೋಮೀಟರಿನ ಉದ್ದಗಲಕ್ಕೂ ಹುಲ್ಲಿನ ಹೊದಿಕೆ. ಅಲ್ಲಲ್ಲಿ ಗಾಳಿಯಂತ್ರ, ಅದು ಎತ್ತಿ ಸುರಿಯುವ ನೀರಿಗೊಂದು ತೊಟ್ಟಿ, ತೊಟ್ಟಿಯ ಸುತ್ತ ಕಪ್ಪು ದನಗಳು. ದಿಬ್ಬ ಹತ್ತಿದರೆ ಇನ್ನೊಂದು ದಿಬ್ಬ.

ನಮ್ಮ ಕಡೆ ದನಕ್ಕೆ ಮೂಗುದಾರ ಉಂಟು, ಹೆಸರುಂಟು. ಔಷಧ ಕುಡಿಸಬೇಕಾದರೆ ಒಬ್ಬರು ಮೂಗು ಹಿಡಿದು ತಲೆ ಎತ್ತುತ್ತಾರೆ, ಇನ್ನೊಬ್ಬರು ಬಿದಿರಿನ ಗೊಟ್ಟವನ್ನು ಬಾಯಿಯ ಪಕ್ಕಕ್ಕೆ ಇಡುತ್ತಾರೆ, ಮುಗಿಯಿತು. ಅಲ್ಲಿಯ ದನ ಮನುಷ್ಯನ ಕೈಗೆ ಸಿಗುವುದು ವರ್ಷಕ್ಕೆ ಎರಡೋ ಮೂರೋ ಸಲ. ಬರೆ ಹಾಕುವಾಗ, ಲಸಿಕೆ ಹಾಕುವಾಗ, ಕರು ಬಿಡಿಸುವಾಗ. ಮಿಕ್ಕಂತೆ ಅದು ಹುಲ್ಲಿನ ಮಗು. ಅದರ ನಡುವೆ ಒಂದಕ್ಕೆ ಕಾಲು ಕುಂಟಾದರೆ, ಇನ್ನೊಂದಕ್ಕೆ ಕಣ್ಣು ಬಂದರೆ, ಇಬ್ಬರು ಸವಾರರು ಕುದುರೆಯ ಮೇಲೆ ಬೆನ್ನಟ್ಟಿ ಒಬ್ಬ ಕೊರಳಿಗೆ, ಇನ್ನೊಬ್ಬ ಹಿಂಗಾಲಿಗೆ ಹಗ್ಗ ಬೀಸಿ ಕೆಡವಬೇಕು. ಬೇಸಿಗೆಯ ಬಿಸಿಲಿನಲ್ಲಿ ಅದು ದನಕ್ಕೂ ಶಿಕ್ಷೆ, ಕುದುರೆಗೂ ಶಿಕ್ಷೆ. ಆ ಮನೆಯ ಯಜಮಾನನಿಗೆ ಎಪ್ಪತ್ತು ದಾಟಿತ್ತು. ಮಕ್ಕಳು ಪಟ್ಟಣ ಸೇರಿದ್ದರು. ಹಗ್ಗ ಬೀಸಲು ಎರಡನೆಯ ಸವಾರ ಇರಲಿಲ್ಲ. (ಈ ಸಮಸ್ಯೆ ಆಲೂರಿಗೂ ನೆಬ್ರಾಸ್ಕಕ್ಕೂ ಒಂದೇ.) ಆದ್ದರಿಂದ ಆತ ಹುಡುಗನಿಗೆ ಕೆಲಸ ಒಪ್ಪಿಸಿದ: ‘ನೀನು ಓದಿದವನು. ಒಂದು ಡಾರ್ಟ್ ಬಂದೂಕು ಆರಿಸಿಕೊಡು.’

ಹುಡುಗ ಉತ್ಸಾಹದಿಂದ ಕೂತ. ಈ ಬಂದೂಕಿನ ಕಥೆಯೇ ಸ್ವಾರಸ್ಯದ್ದು. ನ್ಯೂಜಿಲೆಂಡಿನ ಟಿಮರು ಎಂಬ ಊರಿನಲ್ಲಿ ಕಾಲಿನ್ ಮರ್ಡಾಕ್ ಎಂಬಾತ ಇದ್ದ. 1929ರಲ್ಲಿ ಹುಟ್ಟಿದವನು. ಔಷಧದಂಗಡಿಯವರ ಮಗ. ಅಕ್ಷರಗಳು ಕಣ್ಣ ಮುಂದೆ ಕಲಸಿಹೋಗುವ ಡಿಸ್ಲೆಕ್ಸಿಯ ತೊಂದರೆಯಿಂದಾಗಿ ಶಾಲೆಯ ಓದು ಅವನಿಗೆ ಕಷ್ಟದ್ದಾಗಿತ್ತು. ಮುಂದೆ ತಾನೂ ಔಷಧಿಕಾರನಾದ, ಪಶುವೈದ್ಯನೂ ಆದ. ಒಂದೇ ಗಾಜಿನ ಸಿರಿಂಜಿನಿಂದ ದನದಿಂದ ದನಕ್ಕೆ ರೋಗ ಹರಡುವುದನ್ನು ತಪ್ಪಿಸಲೆಂದು, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜನ್ನು ರೂಪಿಸಿ 1956ರಲ್ಲಿ ಪೇಟೆಂಟ್ ಪಡೆದ. ಅದನ್ನು ನೋಡಿದ ಅಲ್ಲಿನ ಆರೋಗ್ಯ ಇಲಾಖೆಯವರು, ಇದು ತೀರಾ ಮುಂದಿನ ಕಾಲದ್ದು, ವೈದ್ಯರೂ ರೋಗಿಗಳೂ ಒಪ್ಪಲಾರರು ಎಂದರಂತೆ! ಕಾಡು ಮೇಕೆಗಳನ್ನು ಹಿಡಿಯುವ ಕಷ್ಟ ಕಂಡು, ಅದೇ ಸಿರಿಂಜನ್ನು ಬಂದೂಕಿನಿಂದ ಹಾರಿಸಿದರೆ ಹೇಗೆಂದು ಯೋಚಿಸಿದವನೂ ಅವನೇ. ಅದೇ ಸುಮಾರಿಗೆ, 1950ರ ದಶಕದ ಕೊನೆಗೆ, ಅಮೆರಿಕದ ಜಾರ್ಜಿಯದಲ್ಲಿ ಜಿಂಕೆ ಹಿಡಿಯಲು ಇನ್ನೊಂದು ಬಂದೂಕು ತಯಾರಾಯಿತು. ಮರ್ಡಾಕ್ 2008ರಲ್ಲಿ ತೀರಿಕೊಂಡಾಗ ಅವನ ಹೆಸರಿನಲ್ಲಿ 46 ಪೇಟೆಂಟ್‌ಗಳಿದ್ದವು.

ಬಂದೂಕುಗಳ ಪಟ್ಟಿ ಹಿಡಿದು ಹುಡುಗ ಪ್ರಾಧ್ಯಾಪಕರ ಬಳಿ ಹೋದ. ಅವರು ಪಟ್ಟಿಯನ್ನು ನೋಡಲೇ ಇಲ್ಲ. ‘ಯಾವ ಔಷಧ, ಎಷ್ಟು ಮಿಲಿಲೀಟರ್, ಎಲ್ಲಿಗೆ ಹೋಗಬೇಕು? ಅದನ್ನು ಬರೆದುಕೊಂಡು ಬಾ. ಬಂದೂಕು ಆಮೇಲೆ’ ಎಂದರು.

ಬರೆಯಲು ಕೂತಾಗ ಗೊತ್ತಾಯಿತು. ವರ್ಷ ತುಂಬಿದ ಕಡಸು ಸುಮಾರು 300 ಕಿಲೋ ತೂಗುತ್ತದೆ. ಹಳೆಯದೂ ಅಗ್ಗವೂ ಆದ, ಹೆಚ್ಚು ದಿನ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಕೊಡುವುದಾದರೆ ಹತ್ತು ಕಿಲೋಗೆ ಒಂದರಂತೆ 30 ಮಿಲಿಲೀಟರ್ ಬೇಕು. ಒಂದು ಡಾರ್ಟಿನಲ್ಲಿ ಹಿಡಿಯುವುದು ಹೆಚ್ಚೆಂದರೆ ಹತ್ತು. ಅಲ್ಲಿಯ ಗೋಮಾಂಸದ ಗುಣಮಟ್ಟ ಕಾಯುವ ಕಾರ್ಯಕ್ರಮದವರ ಸೂಚನೆಯೂ ಅದೇ: ಒಂದು ಜಾಗಕ್ಕೆ ಹತ್ತು ಮಿಲಿಲೀಟರಿಗಿಂತ ಹೆಚ್ಚು ಚುಚ್ಚಬಾರದು. ಎಂದರೆ ಒಂದೇ ಕಡಸಿಗೆ ಮೂರು ಸಲ ಹೊಡೆಯಬೇಕು. ಮೊದಲನೆಯದು ಬಿದ್ದ ಮೇಲೆ ಎರಡನೆಯದಕ್ಕೆ ಅದು ನಿಂತು ಕಾಯುತ್ತದೆಯೇ? ಹೊಸ ಔಷಧ ಟುಲಾತ್ರೋಮೈಸಿನ್ ಆದರೆ 40 ಕಿಲೋಗೆ ಒಂದು ಮಿಲಿಲೀಟರ್ ಸಾಕು. ಕಡಸಿಗೆ ಏಳೂವರೆ, ಒಂದೇ ಡಾರ್ಟ್. ಆದರೆ ಅದು ಕುತ್ತಿಗೆಯ ಚರ್ಮದ ಕೆಳಗೆ ಕೊಡಬೇಕಾದ ಔಷಧ. ಹಾರಿಬಂದ ಸೂಜಿಗೆ ಚರ್ಮ ಯಾವುದು, ಸ್ನಾಯು ಯಾವುದು ಎಂದು ಗೊತ್ತಿರುವುದಿಲ್ಲ. ಶೀಷೆಯ ಮೇಲೆ ಬರೆದದ್ದಕ್ಕಿಂತ ಬೇರೆ ರೀತಿಯಲ್ಲಿ ಕೊಡಬೇಕೆಂದರೆ ಪಶುವೈದ್ಯರ ಒಪ್ಪಿಗೆ ಬೇಕು. 2023ರ ಜೂನ್‌ನಿಂದ ಅಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಕೂಡ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವುದಿಲ್ಲ. ಇನ್ನು ಟಿಲ್ಮಿಕೋಸಿನ್ ಎಂಬ ಔಷಧವನ್ನು ಡಾರ್ಟಿಗೆ ತುಂಬುವ ಮಾತೇ ಇಲ್ಲ. ಅದು ದನಕ್ಕೆ ಮದ್ದು, ಮನುಷ್ಯನ ಮೈಗೆ ಚುಚ್ಚಿಕೊಂಡರೆ ಹೃದಯವನ್ನೇ ನಿಲ್ಲಿಸಬಲ್ಲದು.

ಆಮೇಲೆ ಬಂದೂಕು. ಖಾಲಿ ತೋಟಾ ಸಿಡಿಸಿ ತಳ್ಳುವವು ಒಂದು ಬಗೆ. ಇವು ದೂರಕ್ಕೆ ಹೋಗುತ್ತವೆ, ಚಳಿಗೆ ಜಗ್ಗುವುದಿಲ್ಲ. ಆದರೆ ಹತ್ತಿರದಿಂದ ಹೊಡೆದರೆ ಏಟು ಭಾರಿ. ಭಾರದ ಡಾರ್ಟ್ ಪಕ್ಕೆಲುಬಿನ ನಡುವೆ ಒಳಹೊಕ್ಕರೆ ಔಷಧ ಕೊಡಲು ಹೋಗಿ ಜೀವ ತೆಗೆದಂತೆ. ಇಂಗಾಲದ ಡೈಆಕ್ಸೈಡ್ ಅನಿಲದ ಒತ್ತಡದಿಂದ ತಳ್ಳುವವು ಇನ್ನೊಂದು ಬಗೆ. ಇವುಗಳಲ್ಲಿ ಒತ್ತಡವನ್ನು ಮುಳ್ಳು ನೋಡಿ ಹೆಚ್ಚು ಕಡಿಮೆ ಮಾಡಬಹುದು. ಚಳಿಯಲ್ಲಿ ಮಾತ್ರ ಅನಿಲದ ಒತ್ತಡ ಇಳಿದು ಡಾರ್ಟ್ ಅರ್ಧ ದಾರಿಗೇ ನೆಲ ಮುಟ್ಟುತ್ತದೆ. ನೆಬ್ರಾಸ್ಕದ ಚಳಿಗಾಲ ಸಾಮಾನ್ಯದ್ದಲ್ಲ. ಆದರೆ ಆಗ ದನಗಳು ಒಣಹುಲ್ಲಿಗಾಗಿ ಮನೆಯ ಹತ್ತಿರವೇ ಇರುತ್ತವೆ, ದೊಡ್ಡಿಗೆ ಹೊಡೆದುಕೊಂಡು ಹೋಗಬಹುದು. ಹೀಗೆ ಲೆಕ್ಕ ಹಾಕಿ ಅನಿಲದ ಬಂದೂಕನ್ನೇ ಆರಿಸಿದ. ಡಾರ್ಟ್‌ಗಳು ಬಾಲದಲ್ಲಿ ಬಣ್ಣದ ಕುಚ್ಚು ಇರುವಂಥವು. ಒಳಗೊಂದು ಚಿಟಿಕೆ ಸಿಡಿಮದ್ದು. ಸೂಜಿ ಮೈಗೆ ನಾಟಿದ ಬಡಿತಕ್ಕೆ ಅದು ಸಿಡಿದು ರಬ್ಬರಿನ ಬಿರಡೆಯನ್ನು ಮುಂದಕ್ಕೆ ದೂಡುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಔಷಧ ಒಳಗೆ. ಒಂದೇ ಕೊಳವೆಯಲ್ಲಿ ಎರಡು ಮದ್ದು.

ಎರಡು ವಾರ ಒಣಹುಲ್ಲಿನ ಸುರುಳಿಗೆ ರಟ್ಟಿನ ದನ ಕಟ್ಟಿ ಅಭ್ಯಾಸ ಮಾಡಿದರು. ಗುರಿ ಕುತ್ತಿಗೆಗೆ ಮಾತ್ರ. ತೊಡೆ ದೊಡ್ಡ ಗುರಿಯೇನೋ ನಿಜ, ಆದರೆ ಬೆಲೆಬಾಳುವ ಮಾಂಸ ಅಲ್ಲಿರುವುದರಿಂದ ಅಲ್ಲಿ ಗಾಯದ ಗುರುತು ಉಳಿಯಬಾರದು. ಮೊದಲ ಸಲ ಗೊರಸು ಕೊಳೆತು ಕುಂಟುತ್ತಿದ್ದ ಹಸುವಿಗೆ ಹೊಡೆದಾಗ ಅದು ಒಮ್ಮೆ ಬೆಚ್ಚಿ ನೆಗೆದು ಮತ್ತೆ ಮೇಯತೊಡಗಿತು. ಯಜಮಾನ ಟೋಪಿ ತೆಗೆದು ತೊಡೆಗೆ ಬಡಿದ. ನಾಲ್ಕು ದಿನಕ್ಕೆ ಕುಂಟು ಹೋಯಿತು. ಹುಡುಗ ಅದರ ವಿಡಿಯೊವನ್ನು ಊರಿಗೆ ಕಳಿಸಿದ.

ಜೂನ್ ಕೊನೆಗೆ ಕಡಸೊಂದರ ಎಡಗಣ್ಣಿನಿಂದ ನೀರು ಸುರಿಯುತ್ತಿರುವುದು ಕಂಡಿತು. ಕಣ್ಣು ಅರ್ಧ ಮುಚ್ಚಿತ್ತು. ಬೇಸಿಗೆಯಲ್ಲಿ ನೊಣಗಳು ಹರಡುವ ಕಣ್ಣುಬೇನೆ ಅಲ್ಲಿ ಮಾಮೂಲು. ನಮ್ಮಲ್ಲಿ ಜನರಿಗೆ ಬರುವ ಮದ್ರಾಸ್ ಐ ಇದ್ದಂತೆ. ಟುಲಾತ್ರೋಮೈಸಿನ್ ಅದಕ್ಕೂ ಔಷಧ. ಹುಡುಗ ಪಿಕಪ್ಪನ್ನು ಮೆಲ್ಲಗೆ ಹದಿನೈದು ಗಜದಷ್ಟು ಹತ್ತಿರ ತಂದು, ಕಿಟಕಿಯಿಂದಲೇ ಗುರಿಯಿಟ್ಟ. ಡಾರ್ಟ್ ಕುತ್ತಿಗೆಯ ನಡುವೆ ನಾಟಿತು. ಕೆಳಗೆ ಬಿದ್ದದ್ದನ್ನು ಹುಲ್ಲಿನಲ್ಲಿ ಹುಡುಕಿ, ಸೂಜಿ ಮುರಿದಿಲ್ಲವೆಂದು ನೋಡಿ, ಪುಸ್ತಕದಲ್ಲಿ ಕಿವಿಯ ಬಿಲ್ಲೆಯ ಸಂಖ್ಯೆ, ಔಷಧ, ಏಳೂವರೆ ಮಿಲಿಲೀಟರ್, ಮಾರಾಟಕ್ಕೆ ಮುನ್ನ ಕಾಯಬೇಕಾದ ದಿನಗಳನ್ನು ಬರೆದ. ಬರಹದಲ್ಲಿ ಒಂದು ತಪ್ಪಿರಲಿಲ್ಲ.

ಆರು ದಿನದ ಮೇಲೆ ನೋಡಿದರೆ ಕಣ್ಣು ಬೆಳ್ಳಗಾಗಿ ಉಬ್ಬಿತ್ತು. ಯಜಮಾನ ಇನ್ನೊಂದು ಹೊಡೆಯೋಣವೇ ಎಂದ. ಹುಡುಗನಿಗೆ ಏಕೋ ಧೈರ್ಯ ಬರಲಿಲ್ಲ. ದೂರದಿಂದ ತೆಗೆದ ಚಿತ್ರವನ್ನು ಅಪ್ಪನಿಗೆ ಕಳಿಸಿ ಫೋನು ಮಾಡಿದ.

‘ರೆಪ್ಪೆ ಎತ್ತಿ ನೋಡ್ದಾ?’ ಎಂದರು ಅವರು.

‘ಇಲ್ಲಪ್ಪ. ಅದು ಹತ್ರ ಸೇರ್ಸಲ್ಲ. ಗಾಡಿಯಿಂದ್ಲೇ ಹೊಡೆದಿದ್ದು.’

‘ಒಂದೇ ಕಣ್ಣಾ, ಎರಡೂನಾ?’

‘ಒಂದೇ.’

‘ಬೇರೆ ದನಕ್ಕೆ ಬಂದಿದ್ಯಾ?’

‘ಇಲ್ಲ.’

‘ಹುಲ್ಲು ತೆನೆ ಒಡೆದು ಒಣಗೈತಾ?’

ಹುಡುಗ ಮಾತಾಡಲಿಲ್ಲ. ಸ್ಯಾಂಡ್‌ಹಿಲ್ಸಿನಲ್ಲಿ ಸೂಜಿದಾರ ಎಂಬ ಅರ್ಥದ ಹೆಸರಿನದೇ ಒಂದು ಹುಲ್ಲುಂಟು. ಬೀಜದ ತುದಿ ಸೂಜಿಯಷ್ಟು ಚೂಪು, ಹಿಂದೆ ಗೇಣುದ್ದದ ದಾರದಂಥ ಊಬು. ಜೂನ್‌ನಲ್ಲಿ ಅದು ಬಲಿತು ಉದುರುತ್ತದೆ. ಅದನ್ನು ಅವನು ತನ್ನ ಕಾಲುಚೀಲದಿಂದಲೇ ದಿನಾ ಕಿತ್ತು ಎಸೆಯುತ್ತಿದ್ದ.

‘ಹಿಡಿದು ನೋಡು ಮಗಾ’ ಎಂದರು ತಂದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಮರುದಿನ ನೀರಿನ ತೊಟ್ಟಿಯ ಸುತ್ತ ಕಬ್ಬಿಣದ ಬೇಲಿ ತುಂಡುಗಳನ್ನು ಜೋಡಿಸಿ, ಬಾಯಾರಿ ಬಂದ ದನಗಳ ಹಿಂದೆ ಸದ್ದಿಲ್ಲದೆ ಬಾಗಿಲು ಹಾಕಿದರು. ಬೆನ್ನಟ್ಟುವ, ಹಗ್ಗ ಬೀಸುವ ಪ್ರಮೇಯವೇ ಬರಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಿಡಿಯಿತು, ಅಷ್ಟೆ. ಕಡಸನ್ನು ಕಟಕಟೆಗೆ ಸೇರಿಸಿ, ಕರೆಸಿದ್ದ ಪಶುವೈದ್ಯೆ ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಒಳರೆಪ್ಪೆಯನ್ನು ಚಿಮುಟದಿಂದ ಎತ್ತಿದಳು. ಅದರ ಕೆಳಗೆ ದಾರ ಮುರಿದ ಒಂದು ಬೀಜ ಚುಚ್ಚಿಕೊಂಡು ಕೂತಿತ್ತು. ಆರು ದಿನವೂ ರೆಪ್ಪೆ ಮಿಟುಕಿದಾಗಲೆಲ್ಲ ಅದು ಕಣ್ಣಿನ ಗುಡ್ಡೆಯನ್ನು ಗೀರಿತ್ತು. ಗುಡ್ಡೆ ತೂತಾಗಿ ಹೋಗಿತ್ತು. ಬೀಜ ತೆಗೆಯಲು ಅರ್ಧ ನಿಮಿಷ ಬೇಕಾಗಲಿಲ್ಲ. ಕಣ್ಣು ಉಳಿಯಲಿಲ್ಲ.

ಸಂಜೆ ಹುಡುಗ ವಿಡಿಯೊ ಕರೆ ಮಾಡಿ ಬೀಜವನ್ನು ಅಂಗೈಯಲ್ಲಿಟ್ಟು ತೋರಿಸಿದ. ತಂದೆ ಕನ್ನಡಕ ಹಾಕಿಕೊಂಡು ನೋಡಿದರು. ‘ನಮ್ಮ ಊಬಿಗಿಂತ ದಪ್ಪ ಐತೆ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಬಂದೂಕಿಗೆ ಎಷ್ಟಾಯ್ತು ಅಂದೆ?’ ಎಂದು ಕೇಳಿದರು. ಮಗ ಹೇಳಿದ. ಅವರು ಏನೂ ಅನ್ನಲಿಲ್ಲ.

ಯಜಮಾನ ಬಂದೂಕನ್ನು ಮಾರಲಿಲ್ಲ. ಮಾರಬೇಕಾದ ಕಾರಣವೂ ಇರಲಿಲ್ಲ. ಅದು ಪಿಕಪ್ಪಿನ ಸೀಟಿನ ಹಿಂದೆ ಚೀಲದಲ್ಲೇ ಉಳಿಯಿತು. ಆ ಬೇಸಿಗೆಯಲ್ಲಿ ಇನ್ನೂ ಮೂರು ಕುಂಟುವ ದನಗಳಿಗೆ ಅದು ಕೆಲಸಕ್ಕೆ ಬಂತು. ಆದರೆ ಪುಸ್ತಕದಲ್ಲಿ ಹುಡುಗ ಹೊಸದೊಂದು ಕಂಬಸಾಲು ಗೀಚಿದ್ದ: ‘ಕೈಯಿಂದ ನೋಡಿದ್ದೇ?’ ಕಣ್ಣಿನ ಕೇಸಾದರೆ ಅಲ್ಲಿ ಹೌದು ಎಂದು ಬರೆಯುವವರೆಗೆ ಔಷಧದ ಸಾಲು ಖಾಲಿ. ನೀರಿನ ತೊಟ್ಟಿಯ ಬಳಿಯ ಬೇಲಿಯನ್ನೂ ಬಿಚ್ಚಲಿಲ್ಲ. ಡಾರ್ಟ್‌ಗಳ ಎರಡನೆಯ ಪೆಟ್ಟಿಗೆ ತರಿಸುವ ಬದಲು ಇನ್ನೆರಡು ತೊಟ್ಟಿಗಳಿಗೆ ಅಂಥದೇ ಬೇಲಿ ತುಂಡು ತರಿಸಿದರು.

ಸೆಪ್ಟೆಂಬರಿನಲ್ಲಿ ಅವನು ಲಿಂಕನ್ನಿಗೆ ಹಿಂತಿರುಗುವ ಮುನ್ನ ಕೊನೆಯ ಸಲ ಹುಲ್ಲುಗಾವಲಿಗೆ ಹೋದ. ಪಿಕಪ್ಪಿನ ಸದ್ದಿಗೆ ದನಗಳು ಎದ್ದು ದಿಬ್ಬದ ಕಡೆ ನಡೆದವು. ಆ ಕಡಸೊಂದು ಹಿಂದೆ ಉಳಿಯಿತು. ತಲೆಯನ್ನು ಪೂರ್ತಿ ಎಡಕ್ಕೆ ಹೊರಳಿಸಿ, ಬಲಗಣ್ಣಿನಿಂದ ಗಾಡಿಯನ್ನು ಒಂದಷ್ಟು ಹೊತ್ತು ನೋಡಿ, ಆಮೇಲೆ ಉಳಿದವುಗಳ ಹಿಂದೆ ಓಡಿತು.