ಹಳೆಯ ಹೈಪೋ

ಮಿತವ್ಯಯವು ಗೃಹಸ್ಥನಿಗೆ ಭೂಷಣವೆಂದು ಹಿರಿಯರು ನಮಗೆ ಕಲಿಸಿದ್ದಾರೆ. ಅಕ್ಕಿ ತೊಳೆದ ನೀರು ಕಲಗಚ್ಚಿಗೆ ಸೇರಿ ಹಸುವಿಗೆ ಸಲ್ಲುತ್ತದೆ. ಹಳೆಯ ಸೀರೆ ಕೂಸಿನ ತೊಟ್ಟಿಲಿನ ಹಾಸಾಗುತ್ತದೆ. ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾಗುತ್ತದೆ. ಇಂತಹ ಮನೆಯಲ್ಲಿ ಬೆಳೆದವನು ಛಾಯಾಚಿತ್ರದ ಕತ್ತಲೆ ಕೋಣೆಯನ್ನು ಹೊಕ್ಕರೆ, ಒಮ್ಮೆ ಬಳಸಿದ ಹೈಪೋವನ್ನು ಚೆಲ್ಲಲು ಅವನಿಗೆ ಕೈ ಬಾರದು. ಚೆಲ್ಲಬೇಕಾದುದೂ ಇಲ್ಲ. ಆದರೆ ಹೆಪ್ಪು ಎಷ್ಟು ದಿನ ಸಾಗಿಬಂದರೂ ದಣಿಯದು, ಹೈಪೋ ದಣಿಯುತ್ತದೆ. ದಣಿದದ್ದನ್ನು ನೋಟದಿಂದ ಮಾತ್ರ ತೋರಗೊಡುವುದಿಲ್ಲ. ತೊಡಕೆಲ್ಲ ಇರುವುದು ಇಲ್ಲಿಯೇ.

ಕಪ್ಪು ಬಿಳುಪಿನ ಫಿಲ್ಮಿನ ಮೇಲೆ ಬೆಳ್ಳಿಯ ಲವಣಗಳ ಲೇಪವಿರುತ್ತದೆ. ಬೆಳಕು ತಾಗಿದ ಕಣಗಳನ್ನು ಡೆವಲಪರು ಕರಿಯ ಬೆಳ್ಳಿಯನ್ನಾಗಿ ಮಾರ್ಪಡಿಸುತ್ತದೆ. ತಾಗದ ಲವಣವು ಹಾಗೆಯೇ ಉಳಿಯುತ್ತದೆ. ಉಳಿದುದನ್ನು ಕರಗಿಸಿ ತೆಗೆಯದಿದ್ದರೆ ಅದೂ ಬೆಳಕಿಗೆ ಕಪ್ಪಾಗುತ್ತ ಹೋಗುವುದು. ಮೊದಮೊದಲು ಇಂಗ್ಲೆಂಡಿನ ಟಾಲ್ಬಟನು ಅಡುಗೆಯ ಉಪ್ಪಿನ ನೀರಿನಿಂದ ಚಿತ್ರವನ್ನು ನಿಲ್ಲಿಸಲು ಹೆಣಗಿದನು. ಹೈಪೋ ಬೆಳ್ಳಿಯ ಲವಣವನ್ನು ಕರಗಿಸುವುದೆಂದು ಜಾನ್ ಹರ್ಷೆಲನು 1819ರಲ್ಲಿಯೇ ಕಂಡಿದ್ದನು. ಆ ಅರಿವು ಛಾಯಾಚಿತ್ರಕ್ಕೆ ಒದಗಿದುದು ಇಪ್ಪತ್ತು ವರ್ಷಗಳ ತರುವಾಯ, 1839ರಲ್ಲಿ.

ದೊಡ್ಡಮಳೂರಿನ ನಮ್ಮ ಮನೆಯ ಬಚ್ಚಲಿನಲ್ಲಿ ನಾನು ಇಂದಿಗೂ ಫಿಲ್ಮು ತೊಳೆಯುತ್ತೇನೆ. ಒಂದು ಲೀಟರ್ ನೀರಿಗೆ 240 ಗ್ರಾಂ ಹೈಪೋ, 10 ಗ್ರಾಂ ಸೋಡಿಯಂ ಸಲ್ಫೈಟು, 25 ಗ್ರಾಂ ಬೈಸಲ್ಫೈಟು. ಇದು ಹಳೆಯ ಕೊಡಕ್ ಪಾಕ. ನೀರು ಬೆಚ್ಚಗಿರಬೇಕು, ಏಕೆಂದರೆ ಹೈಪೋವಿನ ಹರಳು ಕರಗುವಾಗ ನೀರಿನ ಶಾಖವನ್ನೆಲ್ಲ ಹೀರಿಬಿಡುತ್ತದೆ. ತಣ್ಣೀರಿನಲ್ಲಿ ಕರಗಿಸಹೊರಟರೆ ಪಾತ್ರೆಯ ಹೊರಮೈ ಬೇಸಗೆಯಲ್ಲಿಯೂ ಬೆವರುವುದು; ಹರಳುಗಳು ತಳದಲ್ಲಿ ಹಟ ಹಿಡಿದು ಕುಳಿತಿರುವುವು.

ಅಪ್ರಮೇಯಸ್ವಾಮಿಯ ಗುಡಿಯಲ್ಲಿ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲಿನ ಹರಕೆ ಹೊತ್ತು, ಕೂಸಾದ ಮೇಲೆ ಅದನ್ನೆತ್ತಿಕೊಂಡು ಹರಕೆ ತೀರಿಸಲು ಬರುವ ದಂಪತಿಗಳುಂಟು. ಗುಡಿಯ ಹೊರಗೆ ಅಂತಹವರ ಚಿತ್ರವನ್ನು ಕೆಲವು ಸಲ ತೆಗೆದುಕೊಟ್ಟಿದ್ದೇನೆ. ಎಷ್ಟೋ ವರ್ಷ ಕಾದು ಪಡೆದ ಮಗುವಿನ ಪಟ ಅದು. ಹೈಪೋವಿನ ನಾಲ್ಕು ಕಾಸು ಉಳಿಸಹೋಗಿ ಅದನ್ನು ಕೆಡಿಸುವುದಕ್ಕೆ ನನಗೆ ಅಧಿಕಾರವಿಲ್ಲ.

ಆದಕಾರಣ ಪ್ರತಿಸಲವೂ ಪರೀಕ್ಷೆ ಮಾಡುತ್ತೇನೆ. ಫಿಲ್ಮಿನ ಮೊದಲ ತುದಿಯಲ್ಲಿ ವ್ಯರ್ಥವಾಗಿ ಹೋಗುವ ತುಂಡೊಂದನ್ನು ಕತ್ತರಿಸಿ, ಬೆಳಕಿನಲ್ಲಿಯೇ ಹೈಪೋವಿನಲ್ಲಿ ಅದ್ದಿ ಗಡಿಯಾರ ನೋಡುವುದು. ಹಾಲಿನಂತಿದ್ದ ತುಂಡು ತಿಳಿಯಾಗಲು ಎಷ್ಟು ಹೊತ್ತು ಹಿಡಿಯಿತೋ ಅದರ ಎರಡರಷ್ಟು ಹೊತ್ತು ಫಿಲ್ಮು ಅದರಲ್ಲಿರಬೇಕು. ಹೊಸ ಹೈಪೋ ಒಂದೂವರೆ ನಿಮಿಷದಲ್ಲಿ ಮಾಡಿದ ಕೆಲಸಕ್ಕೆ ಮೂರು ನಿಮಿಷ ಬೇಕಾಯಿತೆಂದರೆ ಅದರ ಆಯುಸ್ಸು ಮುಗಿಯಿತು. ಸೀಸೆಗೆ ಅಂಟಿಸಿದ ಕಾಗದದಲ್ಲಿ ರೀಲಿಗೊಂದರಂತೆ ಗೀಟು ಹಾಕುವುದೂ ಒಳ್ಳೆಯ ಪದ್ಧತಿಯೇ. ಆದರೆ ಗೀಟು ಲೆಕ್ಕ ಹೇಳೀತೇ ಹೊರತು ದ್ರಾವಣದ ಸ್ಥಿತಿಯನ್ನು ಹೇಳಲಾರದು. ಸೀಸೆಯಲ್ಲಿ ಗಂಧಕದ ಬಿಳಿಯ ಪುಡಿ ಕಂಡರೆ ಪರೀಕ್ಷೆಯ ಮಾತೇ ಬೇಡ.

ಹೈಪೋ ದಣಿಯುವುದೆಂದರೆ ಅದರಲ್ಲಿ ಬೆಳ್ಳಿ ತುಂಬಿಬರುವುದು. ತುಂಬಿದ ಮೇಲೆ ಅದು ಲವಣವನ್ನು ನೀರಿನಲ್ಲಿ ಸುಲಭವಾಗಿ ತೊಳೆದುಹೋಗದ ಇನ್ನೊಂದು ರೂಪಕ್ಕೆ ತರುತ್ತದೆ. ಚಿತ್ರವು ನೋಡಲು ನಿರ್ಮಲವಾಗಿಯೇ ಇರುತ್ತದೆ. ದೋಷವು ಒಳಗೇ ಕುಳಿತು ವರ್ಷಗಳನ್ನು ಎಣಿಸುತ್ತದೆ. ಫಿಲ್ಮು ಇದನ್ನು ಒಂದಷ್ಟು ಸಹಿಸೀತು: ಲೀಟರಿಗೆ ಎಂಟು ಹತ್ತು ಗ್ರಾಂ ಬೆಳ್ಳಿ ಸೇರುವವರೆಗೂ ಚಿಂತೆಯಿಲ್ಲ. ಕಾಗದ ಸಹಿಸದು. ಅದರ ನಾರು ಎಲ್ಲವನ್ನೂ ಹೀರಿ ಹಿಡಿದಿಟ್ಟುಕೊಳ್ಳುವುದರಿಂದ, ತಲೆಮಾರುಗಳ ಕಾಲ ಬಾಳಬೇಕಾದ ಪಟಕ್ಕೆ ಲೀಟರಿಗೆ ಅರ್ಧ ಗ್ರಾಮೇ ಎಲ್ಲೆ. ಫಿಲ್ಮು ತೊಳೆದ ಹೈಪೋವನ್ನು ಕಾಗದಕ್ಕೆ ಬಳಸಬಾರದೆಂಬ ನಿಯಮದ ಕಾರಣ ಇದೇ.

ನಮ್ಮ ದೊಡ್ಡಮ್ಮನವರ ಮದುವೆ 1956ರಲ್ಲಿ ನಡೆಯಿತು. ಆ ದಿನದ ಪಟವೊಂದು ನಡುಮನೆಯ ಗೋಡೆಯ ಮೇಲಿದ್ದಿತು. ಅದರಲ್ಲಿ ಧಾರೆಯೆರೆಯುತ್ತಿರುವ ತಾತನವರನ್ನು ನಾನು ಕಂಡವನಲ್ಲ; ಅವರ ಬೇರೆ ಚಿತ್ರವೂ ಇಲ್ಲ. ನಾನು ಬುದ್ಧಿ ಬಲಿತು ನೋಡುವ ಹೊತ್ತಿಗೆ ಅವರ ಮುಖದ ಜಾಗದಲ್ಲಿ ಕಂದು ಮಬ್ಬೊಂದೇ ಉಳಿದಿದ್ದಿತು. ಮನೆಯವರು ಗೋಡೆಯ ತೇವವನ್ನು ದೂರಿದರು. ಅದೇ ಗೋಡೆಯ ಮೇಲೆ, ಅದೇ ತೇವದಲ್ಲಿ, ಬೇರೆ ಕಡೆ ತೆಗೆಸಿದ ಚಿಕ್ಕಪ್ಪನವರ ಪಟವು ಕಾಡಿಗೆಯಷ್ಟು ಕಪ್ಪಾಗಿ ನಿಂತಿರುವಾಗ ಆ ಮಾತನ್ನು ನಾನು ಒಪ್ಪಲಾರೆ. ನೀರಿನಲ್ಲಿ ಸಾಲದಷ್ಟು ತೊಳೆದು ಹೈಪೋ ಉಳಿದಿದ್ದರೆ ಮುಖ್ಯವಾಗಿ ಚಿತ್ರದ ಕಪ್ಪು ಹಳದಿಗೆ ತಿರುಗಿ ಮಾಸುತ್ತದೆ. ಇಲ್ಲಿಯಾದರೋ ತಾತನವರ ಬಿಳಿಯ ಪಂಚೆಯೂ, ಅಂಚಿನ ಖಾಲಿ ಕಾಗದವೂ ಕಂದಾಗಿದ್ದುವು. ಬಿಳುಪಿನಲ್ಲಿ ಬಣ್ಣ ಬಂದರೆ ಅದು ಕರಗದೆ ಉಳಿದ ಬೆಳ್ಳಿಯ ಗುರುತು. ತೊಳೆದವರು ಹೈಪೋವನ್ನು ಮಿತಿಮೀರಿ ಎಳೆದಿದ್ದರು. ಅವರ ಹೆಸರು ಇಲ್ಲಿ ಬೇಡ. ಮದುವೆಯ ತಿಂಗಳಿನಲ್ಲಿ ನೂರಾರು ಪಟಗಳ ಅವಸರವಿದ್ದಿರಬಹುದು. ದೊಡ್ಡಮ್ಮನವರು ಮಾತ್ರ ಅದನ್ನು ಗೋಡೆಯಿಂದ ಇಳಿಸಲು ಕೊನೆಯವರೆಗೂ ಬಿಡಲಿಲ್ಲ. ಬಂದವರಿಗೆ ಆ ಮಬ್ಬನ್ನು ತೋರಿಸಿ, “ಇವರೇ ನಮ್ಮಪ್ಪ” ಎನ್ನುತ್ತಿದ್ದರು.

ಕಾಗದಕ್ಕೆ ನಾನು ಎರಡು ತಟ್ಟೆಗಳ ಕ್ರಮವನ್ನು ಇಟ್ಟುಕೊಂಡಿದ್ದೇನೆ. ಮೊದಲನೆಯದು ಹೆಚ್ಚಿನ ಬೆಳ್ಳಿಯನ್ನು ತೆಗೆದುಕೊಳ್ಳುವುದು, ಎರಡನೆಯದು ಉಳಿದುದನ್ನು. ಮೊದಲನೆಯದು ದಣಿದಾಗ ಅದನ್ನು ತೆಗೆದು, ಎರಡನೆಯದನ್ನು ಅದರ ಸ್ಥಾನಕ್ಕೆ ಏರಿಸಿ, ಹಿಂದೆ ಹೊಸದನ್ನು ಇಡುವುದು. ಮಿತವ್ಯಯವೂ ಉಳಿಯಿತು, ಪಟವೂ ಉಳಿಯಿತು.

ಇನ್ನು ದಣಿದುದನ್ನು ಏನು ಮಾಡುವುದು? ಹಿಂದೆ ಸ್ಟುಡಿಯೋಗಳಿಂದಲೂ ಎಕ್ಸ್‌ರೇ ಕೋಣೆಗಳಿಂದಲೂ ಹಳೆಯ ಹೈಪೋವನ್ನು ಬೆಳ್ಳಿಗಾಗಿ ಕೊಂಡುಹೋಗುವವರಿದ್ದರು. ನನ್ನ ಎರಡು ಸೀಸೆಗಾಗಿ ಯಾರೂ ಬರುವುದಿಲ್ಲ. ಬೆಳ್ಳಿ ನೀರಿನ ಸಣ್ಣ ಜೀವಿಗಳಿಗೆ ವಿಷವಾದುದರಿಂದ ಅದನ್ನು ಕಣ್ವಾ ನದಿಯತ್ತ ಹರಿಯುವ ಚರಂಡಿಗೆ ಬಿಡಲು ಮನಸ್ಸಾಗದು. ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ಅದರಲ್ಲಿ ಕೆಲವು ದಿನ ಮುಳುಗಿಸಿಟ್ಟರೆ ಕಬ್ಬಿಣವು ಕರಗಿ ಬೆಳ್ಳಿಯು ಕರಿಯ ಕೆಸರಾಗಿ ತಳಕ್ಕೆ ಇಳಿಯುತ್ತದೆ. ಆ ಕೆಸರನ್ನು ಒಣಗಿಸಿ ಡಬ್ಬಿಯಲ್ಲಿ ಕೂಡಿಡುತ್ತಿದ್ದೇನೆ.

ಹೋದ ಬೇಸಗೆಯ ರಜೆಯಲ್ಲಿ ಅಕ್ಕನ ಮೊಮ್ಮಗಳು ಬಂದಿದ್ದಾಗ, ತಾಮ್ರದ ಹಳೆಯ ಕಾಸೊಂದನ್ನು ಹುಣಿಸೆಹಣ್ಣಿನಿಂದ ಉಜ್ಜಿ ಆ ಹೈಪೋವಿನಲ್ಲಿ ಅದ್ದಿ ತೋರಿಸಿದೆನು. ಸ್ವಲ್ಪ ಹೊತ್ತಿಗೆ ಅದು ಬೆಳ್ಳಗಾಯಿತು. ಅದು ಯಾರ ಪಟದಿಂದ ಬಂದ ಬೆಳ್ಳಿಯೆಂದು ಅವಳು ಕೇಳಿದಳು. ಗೀಟುಗಳ ಕಾಗದವನ್ನು ನೋಡಿ, ಆ ವರ್ಷ ಗುಡಿಯ ಮುಂದೆ ತೆಗೆದ ಐದು ಕೂಸುಗಳ ಲೆಕ್ಕವನ್ನು ಹೇಳಿದೆನು. ಕಾಸನ್ನು ಅವಳು ಊರಿಗೆ ಒಯ್ದಳು.